ಹುಳುವಿನ ಮೇಲೆ ಗೂಬೆ

ತಮ್ಮ ತಪ್ಪಿಗೆ ತಾವೇ ನಗುವ ವೃತ್ತಿಯವರು ಲೋಕದಲ್ಲಿ ಹೆಚ್ಚು ಮಂದಿ ಇಲ್ಲ. ವೈದ್ಯರು ನಗುವುದಿಲ್ಲ; ವಕೀಲರು ನಕ್ಕರೂ ಕಕ್ಷಿಗಾರನ ಎದುರಿಗೆ ನಗುವುದಿಲ್ಲ; ನಾವು ಮೇಷ್ಟರುಗಳಂತೂ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ನೋಡಿ ನಗುವವರೇ ಹೊರತು ನಮ್ಮ ಪಾಠವನ್ನು ನೆನೆದು ನಗುವವರಲ್ಲ. ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವವರು ಮಾತ್ರ ಇದಕ್ಕೆ ಹೊರತು. ನಾಲ್ವರು ಪ್ರೋಗ್ರಾಮರುಗಳು ಕಾಫಿಗೆ ಕುಳಿತರೆಂದರೆ ಕೆಟ್ಟ ಕೋಡಿನ ಪುರಾಣ ಆರಂಭವಾಯಿತೆಂದೇ ತಿಳಿಯಬೇಕು. ‘ನನ್ನ ಯಂತ್ರದಲ್ಲಿ ಸರಿಯಾಗಿಯೇ ನಡೆಯುತ್ತಿದೆಯಲ್ಲ’ ಎಂಬುದು ಒಂದು ಮಾತು. ‘ಇದು ದೋಷವಲ್ಲ, ಸೌಲಭ್ಯ’ ಎಂಬುದು ಇನ್ನೊಂದು. ಈ ದರಿದ್ರ ಸಾಲನ್ನು ಬರೆದ ಮಹಾನುಭಾವ ಯಾರೆಂದು ಸಿಟ್ಟಿನಿಂದ ಹುಡುಕಹೊರಟು, ಕಡೆಗೆ ಅಲ್ಲಿ ತನ್ನ ಹೆಸರನ್ನೇ ಕಂಡ ಕಥೆಯಂತೂ ಪ್ರತಿಯೊಬ್ಬನ ಸ್ವಂತ ಅನುಭವ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈ ಕಸುಬಿನಲ್ಲಿದ್ದಾರೆ. ಈ ಕಥೆಗಳನ್ನು ಅವರ ಬಾಯಿಂದಲೇ ಕೇಳಿ ನಾನೂ ನಕ್ಕಿದ್ದೇನೆ.

ಆದರೂ ಈ ನಗೆಯ ವಿಷಯದಲ್ಲಿ ನನ್ನದೊಂದು ತಕರಾರಿದೆ. ನಗಬಾರದು ಎಂಬುದಲ್ಲ ನನ್ನ ವಾದ. ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳಬಲ್ಲವನು ಸಾಮಾನ್ಯವಾಗಿ ಪ್ರಾಮಾಣಿಕನೇ. ಒಬ್ಬನ ಎಡವಟ್ಟು ನಗೆಯಾಗಿ ಹತ್ತು ಜನಕ್ಕೆ ತಲುಪಿದರೆ ಆ ಹತ್ತು ಜನ ಅದೇ ಗುಂಡಿಗೆ ಬೀಳುವುದು ತಪ್ಪೀತು. ನನ್ನ ತಕರಾರು ಏನೆಂದರೆ, ಈ ನಗೆ ಕೋಣೆಯೊಳಗೇ ಹುಟ್ಟಿ ಕೋಣೆಯೊಳಗೇ ಅಡಗುತ್ತದೆ. ತಪ್ಪು ಮಾತ್ರ ಬಾಗಿಲು ದಾಟಿ ಹೊರಗೆ ಹೋಗುತ್ತದೆ.

ಮೊದಲು ಮಾತಿನಿಂದಲೇ ಹೊರಡೋಣ. ಕೋಡಿನ ತಪ್ಪಿಗೆ ಇವರು ಇಟ್ಟಿರುವ ಹೆಸರು ‘ಬಗ್’, ಎಂದರೆ ಹುಳು. ೧೯೪೭ರ ಸೆಪ್ಟೆಂಬರ್ ೯ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ ಟು ಯಂತ್ರದ ರಿಲೇಯೊಂದರಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಅದನ್ನು ದಿನಚರಿಯ ಪುಸ್ತಕದಲ್ಲಿ ಅಂಟಿಸಿ, ನಿಜವಾದ ಹುಳು ಸಿಕ್ಕಿತೆಂದು ಬರೆದಿಟ್ಟರು. ಈ ಪದ ಅಂದು ಹುಟ್ಟಿತೆಂದು ಹಲವರು ಹೇಳುವುದುಂಟು. ಅದು ಸರಿಯಲ್ಲ. ೧೮೭೮ರಷ್ಟು ಹಿಂದೆಯೇ ಎಡಿಸನ್ನನು ತನ್ನ ಪತ್ರದಲ್ಲಿ ಇದೇ ಅರ್ಥದಲ್ಲಿ ಈ ಪದವನ್ನು ಬಳಸಿದ್ದಾನೆ. ಪದ ಮೊದಲೇ ಇದ್ದುದರಿಂದಲೇ ಅಲ್ಲವೆ, ೧೯೪೭ರ ಪತಂಗ ನಗೆಯಾದದ್ದು?

ಆ ಒಂದು ಪತಂಗ ಹೊರಗಿನಿಂದ ಬಂದದ್ದು ನಿಜ. ಆದರೆ ಇಂದು ಕೋಡಿನೊಳಗಿರುವ ಯಾವ ಹುಳುವೂ ಕಿಟಕಿಯಿಂದ ಹಾರಿ ಬಂದದ್ದಲ್ಲ. ಯಾರೋ ಕುಳಿತು ಬರೆದದ್ದು. ಡಚ್ ಗಣಕ ವಿಜ್ಞಾನಿ ಡೈಕ್‌ಸ್ಟ್ರ ೧೯೮೮ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನೇ ಎತ್ತಿ ಆಡಿದರು: ಹುಳು ಎನ್ನುವುದನ್ನು ಬಿಟ್ಟು ತಪ್ಪು ಎನ್ನಿ, ಹುಳು ಎಂದೊಡನೆ ಬರೆದವನು ಕಣ್ಣು ಮುಚ್ಚಿದ್ದಾಗ ಅದೇ ನುಸುಳಿಬಂದಂತೆ ಆಗುತ್ತದೆ. ಆ ಮಾತು ಅವರ ಕಸುಬಿನವರ ಕಿವಿಗೇ ಬಿದ್ದಂತಿಲ್ಲ.

ಕನ್ನಡಿಗರಾದ ನಾವೇನು ಕಡಮೆಯೆ ಎಂದು ಕೇಳಬಹುದು. ಅಚ್ಚಿನ ತಪ್ಪಿಗೆ ನಾವು ‘ಮುದ್ರಾರಾಕ್ಷಸ’ ಎಂದು ಹೆಸರಿಟ್ಟವರು. ವಿಶಾಖದತ್ತನ ನಾಟಕದ ಹೆಸರನ್ನು ಎರವಲು ತಂದು, ಮೊಳೆ ಜೋಡಿಸುವವನ ಮತ್ತು ಕರಡು ತಿದ್ದುವವನ ಪಾಪವನ್ನೆಲ್ಲ ಒಬ್ಬ ರಾಕ್ಷಸನ ತಲೆಗೆ ಕಟ್ಟಿದೆವು. ಅದಕ್ಕೂ ಹಿಂದೆ ಓಲೆಗರಿಯ ಲಿಪಿಕಾರರು ‘ಕಂಡಂತೆ ಬರೆದಿದ್ದೇನೆ, ದೋಷ ನನ್ನದಲ್ಲ’ ಎಂಬರ್ಥದ ಮಾತನ್ನು ಗ್ರಂಥದ ಕೊನೆಯಲ್ಲಿ ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಒಪ್ಪೋಣ. ಆದರೆ ಮುದ್ರಾರಾಕ್ಷಸನನ್ನು ಬೈದ ಪುಸ್ತಕದಲ್ಲಿಯೇ ತಪ್ಪು ಒಪ್ಪುಗಳ ಪಟ್ಟಿಯೂ ಇರುತ್ತಿತ್ತು: ಇಂಥ ಪುಟ, ಇಂಥ ಸಾಲು, ಹೀಗಿರುವುದನ್ನು ಹೀಗೆ ಓದಿಕೊಳ್ಳಿ. ಆ ಪಟ್ಟಿ ಪುಸ್ತಕ ಕೊಂಡವನ ಕೈಯಲ್ಲಿ ಇರುತ್ತಿತ್ತು, ಮುದ್ರಣಾಲಯದ ಪೆಟ್ಟಿಗೆಯಲ್ಲಿ ಅಲ್ಲ. ಓಲೆಗರಿಯ ಪ್ರಮಾದಗಳನ್ನೂ ಸಂಪಾದಕರು ಪ್ರತಿಪ್ರತಿಗೆ ಹೋಲಿಸಿ, ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಎಲ್ಲರಿಗೂ ಕಾಣುವಂತೆ ಕೊಟ್ಟರು. ನಗೆಗೂ ಹೊಣೆಗೂ ಇರುವ ನಂಟು ಇದು.

ಹೊಣೆ ಕಳಚಿದ ನಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಕಥೆಯನ್ನು ನೋಡಬೇಕು. ಅಲ್ಲಿ ‘ಹೊರೈಜ಼ನ್’ ಎಂಬ ಲೆಕ್ಕದ ವ್ಯವಸ್ಥೆಯನ್ನು ೧೯೯೯ರಿಂದ ಊರೂರಿನ ಅಂಚೆ ಕಚೇರಿಗಳಲ್ಲಿ ಹೂಡಿದರು. ಅದಕ್ಕೆ ಮುಂಚೆಯೇ, ೧೯೯೮ರಲ್ಲಿ, ಅದರ ಕೋಡನ್ನು ಪರೀಕ್ಷಿಸಿದವರು ಒಂದು ವರದಿ ಬರೆದಿದ್ದರು. ಅದರಲ್ಲಿ ಒಂದು ತುಣುಕು ಇದೆ. ಕೆಲಸ ಇಷ್ಟೆ: ಒಂದು ಸಂಖ್ಯೆ ಧನವಾಗಿದ್ದರೆ ಋಣ ಮಾಡಬೇಕು, ಋಣವಾಗಿದ್ದರೆ ಧನ ಮಾಡಬೇಕು. ಮುಂದೆ ಒಂದು ಋಣಚಿಹ್ನೆಯನ್ನು ಇಟ್ಟರೆ ಮುಗಿಯಿತು. ಬರೆದವನು ಏನು ಮಾಡಿದ್ದಾನೆಂದರೆ, ಋಣವಾಗಿದ್ದರೆ ಚಿಹ್ನೆಯನ್ನು ಕಳಚಿ, ಧನವಾಗಿದ್ದರೆ ಆ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಬಂದದ್ದನ್ನು ಮೂಲ ಸಂಖ್ಯೆಯಿಂದ ಕಳೆದಿದ್ದಾನೆ. ಹತ್ತನ್ನು ಋಣ ಹತ್ತು ಮಾಡಲು ಹತ್ತರಲ್ಲಿ ಇಪ್ಪತ್ತನ್ನು ಕಳೆಯುವ ಲೆಕ್ಕ! ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತಾಯಿತು. ಮುಂದೆ ಸಾರ್ವಜನಿಕ ವಿಚಾರಣೆಯಲ್ಲಿ ಈ ವರದಿ ಹೊರಬಿದ್ದಾಗ ಜಗತ್ತಿನ ಪ್ರೋಗ್ರಾಮರುಗಳೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ನಗಲಿ. ಆದರೆ ಒಂದನ್ನು ಗಮನಿಸಬೇಕು. ಆ ತುಣುಕಿನ ಉತ್ತರ ಸರಿಯಾಗಿಯೇ ಇತ್ತು. ನಗೆ ತಂದ ಸಾಲಿನಿಂದ ಯಾರ ಮನೆಯೂ ಮುಳುಗಲಿಲ್ಲ. ಅಂಥ ಕೈಗಳು ಬರೆದ, ಯಾರಿಗೂ ನಗೆ ತಾರದ ಬೇರೆ ಸಾಲುಗಳು ಮನೆ ಮುಳುಗಿಸಿದವು. ಕಚೇರಿಯ ಪೆಟ್ಟಿಗೆಯಲ್ಲಿ ಹಣ ಸರಿಯಾಗಿದ್ದರೂ ಪರದೆಯ ಮೇಲೆ ಸಾವಿರಾರು ಪೌಂಡುಗಳ ಕೊರತೆ ತೋರಿತು. ಕೇಳಿದವರಲ್ಲಿ ಅನೇಕರಿಗೆ ‘ಈ ತೊಂದರೆ ನಿಮ್ಮೊಬ್ಬರಿಗೇ’ ಎಂಬ ಉತ್ತರ ಬಂತು. ೧೯೯೯ರಿಂದ ೨೦೧೫ರ ವರೆಗೆ ೯೦೦ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳುಲೆಕ್ಕಗಳ ಅಪರಾಧಿಗಳೆನಿಸಿದರು. ಗರ್ಭಿಣಿಯೊಬ್ಬರು ೨೦೧೦ರಲ್ಲಿ ಸೆರೆಮನೆ ಸೇರಿದರು. ಆ ಕಾಲದಲ್ಲೆಲ್ಲ ತಯಾರಕರ ಬಳಿ ತಿಳಿದಿರುವ ದೋಷಗಳದೊಂದು ದಾಖಲೆ ಇದ್ದೇ ಇತ್ತು! ತಪ್ಪು ಒಪ್ಪುಗಳ ಪಟ್ಟಿ ಇತ್ತು. ಪುಸ್ತಕ ಕೊಂಡವನ ಕೈಗೆ ಮಾತ್ರ ಬರಲಿಲ್ಲ. ವ್ಯವಸ್ಥೆಯಲ್ಲಿ ದೋಷವಿತ್ತೆಂದು ನ್ಯಾಯಾಲಯ ಹೇಳಲು ೨೦೧೯ರ ಡಿಸೆಂಬರ್ ಆಗಬೇಕಾಯಿತು. ತೀರ್ಪುಗಳನ್ನು ಸಾಮೂಹಿಕವಾಗಿ ರದ್ದುಮಾಡಲು ೨೦೨೪ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ತರಬೇಕಾಯಿತು.

ಇಲ್ಲಿ ಭಾಷೆಯ ಪಾತ್ರವನ್ನು ನೋಡಿ. ಆ ಅಂಚೆ ಸಂಸ್ಥೆಯ ಮುಖ್ಯಾಧಿಕಾರಿಗೆ ೨೦೧೩ರಲ್ಲಿ ‘ಬಗ್’ ಎಂಬ ಪದವೂ ತೀಕ್ಷ್ಣವೆನಿಸಿತು. ಯಾರನ್ನೂ ಕೆರಳಿಸದ ಬದಲಿ ಪದವನ್ನು ಹುಡುಕಿ ‘ಎಕ್ಸೆಪ್ಷನ್’, ‘ಅನಾಮಲಿ’ ಎಂಬ ಸಲಹೆ ಪಡೆದ ಸಂಗತಿ ೨೦೨೪ರ ವಿಚಾರಣೆಯಲ್ಲಿ ಬಯಲಾಯಿತು. ತಪ್ಪು ಮೊದಲು ಹುಳುವಾಯಿತು. ಹುಳು ಆಮೇಲೆ ವೈಪರೀತ್ಯವಾಯಿತು. ಮೊದಲ ಮೆಟ್ಟಿಲನ್ನು ಕಟ್ಟಿದವರು ನಗುಮುಖದ ಪ್ರೋಗ್ರಾಮರುಗಳೇ. ಕಾನೂನು ಕೂಡ ಜೊತೆಗೂಡಿತು: ಕಂಪ್ಯೂಟರಿನ ಸಾಕ್ಷ್ಯ ಬೇಕಾದರೆ ಯಂತ್ರ ಸರಿಯಾಗಿತ್ತೆಂದು ತೋರಿಸಬೇಕೆಂಬ ೧೯೮೪ರ ವಿಧಿಯನ್ನು ೧೯೯೯ರ ಕಾಯಿದೆಯೊಂದು ತೆಗೆದುಹಾಕಿತು. ಅಲ್ಲಿಂದ ಮುಂದೆ ಯಂತ್ರ ಸರಿಯೆಂದೇ ನ್ಯಾಯಾಲಯದ ಭಾವನೆ. ತಮ್ಮ ಕೋಡನ್ನು ತಾವೇ ನಂಬದೆ ನಗುವ ಜನ ಒಂದು ಕಡೆ. ಅದೇ ಕೋಡನ್ನು ನಂಬಿ ಶಿಕ್ಷೆ ವಿಧಿಸುವ ಜನ ಇನ್ನೊಂದು ಕಡೆ. ನಡುವೆ ಅಂಚೆಯವನು.

ಇದು ದೂರದ ದೇಶದ ಕಥೆಯೆಂದು ಸುಮ್ಮನಿರುವಂತಿಲ್ಲ. ನಮ್ಮ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಬೆರಳೊತ್ತಿ ನಿಂತ ಮುದುಕಿಗೆ ಸಿಗುವ ಉತ್ತರ ‘ಸರ್ವರ್ ಇಲ್ಲ ಅಜ್ಜಿ, ನಾಳೆ ಬನ್ನಿ’. ಕಚೇರಿಯ ಕಿಟಕಿಯಲ್ಲಿ ‘ಸಿಸ್ಟಮ್ ತಗೋತಿಲ್ಲ ಸ್ವಾಮಿ’. ಕನ್ನಡದಲ್ಲಿ ಮುದ್ದಾಗಿ ಅನುವಾದಿಸಿದ ಪರದೆಗಳಲ್ಲಿ ‘ದೋಷ ಸಂಭವಿಸಿದೆ’. ಸಂಭವಿಸುವುದು ಗ್ರಹಣ, ಸಂಭವಿಸುವುದು ಭೂಕಂಪ. ದೋಷವನ್ನು ಮಾಡುತ್ತಾರೆ. ಕನ್ನಡ ವ್ಯಾಕರಣದಲ್ಲಿ ಕರ್ತೃವನ್ನು ಬಿಟ್ಟು ವಾಕ್ಯ ರಚಿಸಬಹುದು, ಸರಿ. ಕರ್ತೃವನ್ನು ಬಿಟ್ಟು ಆಡಳಿತ ನಡೆಸಬಾರದು.

ಪ್ರೋಗ್ರಾಮರುಗಳು ಹೇಳುವುದನ್ನೂ ಕೇಳಬೇಕು. ಗಡುವು ಇಡುವವರು ನಾವಲ್ಲ. ಕೆಟ್ಟದ್ದೆಂದು ನಾವೇ ಹೇಳಿದರೂ ಮೇಲಿನವರು ಕೇಳುವುದಿಲ್ಲ. ನಗುವುದೊಂದೇ ನಮಗೆ ಉಳಿದದ್ದು, ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ೧೯೯೮ರ ಆ ವರದಿಯನ್ನು ಬರೆದವರೂ ಪ್ರೋಗ್ರಾಮಿಂಗ್ ಬಲ್ಲವರೇ. ಹೊಸದಾಗಿ ಬರೆಯಬೇಕೆಂಬ ಮಾತು ಬಂದರೂ ಬರೆಯಿಸಲಿಲ್ಲ. ಆದರೆ ಅವರು ವರದಿ ಬರೆದರು ಎಂಬುದು ಮುಖ್ಯ. ಇಪ್ಪತ್ತು ವರ್ಷಗಳ ಮೇಲೂ ಸಾಕ್ಷಿ ನುಡಿದದ್ದು ಆ ವರದಿಯೇ, ಕಾಫಿಯ ಹೊತ್ತಿನ ನಗೆಯಲ್ಲ.

ಈ ಕಸುಬಿನ ಸಲಕರಣೆಗಳಲ್ಲಿಯೇ ಉತ್ತರವಿದೆ. ೨೦೦೫ರಿಂದ ಬಳಕೆಯಲ್ಲಿರುವ ‘ಗಿಟ್’ ಎಂಬ ಸಲಕರಣೆಯಲ್ಲಿ ‘ಬ್ಲೇಮ್’ ಎಂದೇ ಒಂದು ಆಜ್ಞೆ ಉಂಟು. ಯಾವ ಸಾಲನ್ನು ಯಾರು, ಎಂದು ಬರೆದರೆಂದು ಅದು ತಿಥಿವಾರ ಸಹಿತ ಹೇಳುತ್ತದೆ. ಪಂಪನ ಕಾವ್ಯದ ಒಂದು ಪಾಠಾಂತರ ಯಾವ ಲಿಪಿಕಾರನ ಕೈಯದೆಂದು ತಿಳಿಯಲು ವಿದ್ವಾಂಸರು ಆಯುಷ್ಯವನ್ನೇ ಸವೆಸಿದರು. ಇವರಿಗೆ ಅರೆಕ್ಷಣದಲ್ಲಿ ಕರ್ತೃ ಸಿಗುತ್ತಾನೆ. ಆ ಒಬ್ಬನನ್ನು ಗಲ್ಲಿಗೇರಿಸಿ ಎಂದು ನಾನು ಹೇಳುತ್ತಿಲ್ಲ. ತಿಳಿದ ತಪ್ಪುಗಳ ಪಟ್ಟಿಯನ್ನು ಅದರಿಂದ ನೋಯುವವರ ಕೈಗೆ, ಅವರ ಭಾಷೆಯಲ್ಲಿ ಕೊಡಿ. ಪರದೆಯ ಮೇಲೆ ‘ತಪ್ಪು ನಮ್ಮದು, ನಿಮ್ಮದಲ್ಲ’ ಎಂದು ಬರೆಯಿರಿ. ಯಂತ್ರದ ಲೆಕ್ಕಕ್ಕೂ ಮನುಷ್ಯನ ಮಾತಿಗೂ ವಿರೋಧ ಬಂದಾಗ, ಯಂತ್ರವನ್ನು ಬಲ್ಲ ನೀವು ಮನುಷ್ಯನ ಪರವಾಗಿ ಒಂದು ಮಾತನಾಡಿ. ಇಷ್ಟು ಮಾಡಿದ ಮೇಲೆ ಎಷ್ಟು ಬೇಕಾದರೂ ನಗಿ. ನಾವೂ ಬಂದು ಜೊತೆಗೆ ನಗುತ್ತೇವೆ. ಅಲ್ಲಿಯವರೆಗೆ ಆ ಬಡ ಪತಂಗವನ್ನು ಬಿಟ್ಟುಬಿಡಿ. ಅದು ಯಾರ ಅನ್ನವನ್ನೂ ಕಸಿದದ್ದಲ್ಲ.