ತೀರ್ಪು ಬೇಡ, ಹಿಮ್ಮಾಹಿತಿ ಬೇಕು

ನಂಜನಗೂಡಿನ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆಯ ಎರಡನೇ ವಾರ. ಎಂಟನೇ ತರಗತಿಗೆ ಒತ್ತಡದ ಪಾಠ ನಡೆಯುತ್ತಿತ್ತು. ಸೂತ್ರ ಬರೆಯುವವರು ಯಾರು ಎಂದು ಕೇಳಿದಾಗ ಒಬ್ಬ ಹುಡುಗಿ ತಾನಾಗಿಯೇ ಎದ್ದು ಬಂದಳು. ಬಲವನ್ನು ವಿಸ್ತೀರ್ಣದಿಂದ ಭಾಗಿಸುವ ಬದಲು ವಿಸ್ತೀರ್ಣವನ್ನು ಬಲದಿಂದ ಭಾಗಿಸಿ ಬರೆದಳು. ಹಿಂದಿನ ಬೆಂಚಿನ ಹುಡುಗನೊಬ್ಬ ಟಿವಿಯ ಬಜರ್ ಸದ್ದು ಮಾಡಿ, "ಎಲಿಮಿನೇಟ್!" ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಆ ವಾರವೆಲ್ಲ ಅವಳು ಮತ್ತೆ ಕೈ ಎತ್ತಲಿಲ್ಲ.

ಹುಡುಗನನ್ನು ದೂರುವುದು ಸುಲಭ. ಆದರೆ ಅವನು ಆ ಮಾತನ್ನು ಕಲಿತದ್ದು ನಾವೆಲ್ಲ ನೋಡುವ ಪ್ರತಿಭಾ ಸ್ಪರ್ಧೆಗಳಿಂದಲೇ. ತಿ. ನರಸೀಪುರದ ನಮ್ಮ ಮನೆಯಲ್ಲೂ ವಾರಾಂತ್ಯದ ರಾತ್ರಿ ಎಲ್ಲರೂ ತೀರ್ಪುಗಾರರೇ. "ಶ್ರುತಿ ಹೋಯ್ತು", "ಇವನು ಈ ವಾರ ಹೊರಗೆ" ಎನ್ನುತ್ತಲೇ ಊಟ ಮುಗಿಯುತ್ತದೆ. ಬ್ರಿಟನ್ನಿನ 'ಪಾಪ್ ಐಡಲ್' (2001) ಮತ್ತು ಅಮೆರಿಕದ 'ಅಮೆರಿಕನ್ ಐಡಲ್' (2002) ಸ್ಪರ್ಧೆಗಳಲ್ಲಿ ಸೈಮನ್ ಕೋವೆಲ್ ಅವರ ಕಟುಮಾತೇ ಒಂದು ಆಕರ್ಷಣೆಯಾಯಿತು. 2004ರಲ್ಲಿ 'ಇಂಡಿಯನ್ ಐಡಲ್' ಮೂಲಕ ಅದೇ ಮಾದರಿ ನಮ್ಮಲ್ಲಿಗೂ ಬಂತು. ಅಲ್ಲಿ ತೀರ್ಪುಗಾರರು ಸ್ಪರ್ಧಿಯ ಕಡೆ ನೋಡಿ ಮಾತಾಡಿದರೂ ಆ ಮಾತು ತಲುಪಬೇಕಾದದ್ದು ವೀಕ್ಷಕರನ್ನು. ಸ್ಪರ್ಧಿ ಕಲಿತನೋ ಇಲ್ಲವೋ ಎಂಬುದು ಕಾರ್ಯಕ್ರಮದ ಲೆಕ್ಕದಲ್ಲಿಲ್ಲ.

ಇದು ಬರೀ ಮನರಂಜನೆ ಎನ್ನುವವರು 2008ನ್ನು ನೆನಪಿಸಿಕೊಳ್ಳಬೇಕು. ಬಂಗಾಳಿ ವಾಹಿನಿಯೊಂದರ ಸ್ಪರ್ಧೆಯಲ್ಲಿ ಭಾಗವಹಿಸಿದ್ದ ಹದಿನಾರರ ಬಾಲಕಿಯೊಬ್ಬಳನ್ನು ಮಾತು ನಿಂತ ಸ್ಥಿತಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆತರಲಾಗಿತ್ತು. ತೀರ್ಪುಗಾರರ ಕಟುನುಡಿಯ ನಂತರ ಹೀಗಾಯಿತೆಂದು ಮನೆಯವರು ಹೇಳಿದ್ದರು. ಕಾಯಿಲೆಯ ಕಾರಣ ನಿರ್ಧರಿಸುವುದು ವೈದ್ಯರ ಕೆಲಸ. ಆದರೆ ಆ ಘಟನೆ ದೇಶದಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. ಮುಂದೆ ಟಿವಿ ಕಾರ್ಯಕ್ರಮಗಳಲ್ಲಿ ಮಕ್ಕಳು ಭಾಗವಹಿಸುವ ಬಗ್ಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಾರ್ಗಸೂಚಿ ಹೊರಡಿಸಿತು. ಟಿವಿಗೆ ಇರುವುದು ಮಾರ್ಗಸೂಚಿ, ನಮಗಿರುವುದು ಕಾನೂನು. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಹಾಗಾದರೆ ತಪ್ಪನ್ನು ಹೇಳಲೇಬಾರದೆ? ಹೇಳಬೇಕು. ಈಟಿವಿ ಕನ್ನಡದ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮವನ್ನು ನೆನೆಯಿರಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಸ್ವರ ಜಾರಿದ್ದನ್ನು, ಉಚ್ಚಾರ ತಪ್ಪಿದ್ದನ್ನು ಬಿಡದೆ ಎತ್ತಿ ತೋರಿಸುತ್ತಿದ್ದರು. ಆದರೆ ಆ ಸಾಲನ್ನು ತಾವೇ ಹಾಡಿ, ಸರಿ ಯಾವುದೆಂದು ಕೇಳಿಸುತ್ತಿದ್ದರು. ತಪ್ಪು ಹಾಡಿನಲ್ಲಿತ್ತು, ಹಾಡಿದ ಮಗುವಿನಲ್ಲಿ ಇರಲಿಲ್ಲ. ಸೌಜನ್ಯ ಎಂದರೆ ನನಗೆ ಇದೇ. ತಪ್ಪನ್ನು ಮುಚ್ಚುವುದು ಸೌಜನ್ಯವಲ್ಲ. ಈಗಿನ ಕೆಲವು ಕಾರ್ಯಕ್ರಮಗಳಲ್ಲಿ ಪ್ರತಿ ಹಾಡಿಗೂ ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಕಣ್ಣೀರು ಒರೆಸಿಕೊಳ್ಳುತ್ತಾರೆ. ಅದರಿಂದಲೂ ಮಗು ಏನೂ ಕಲಿಯುವುದಿಲ್ಲ.

"ಕಟುವಾಗಿ ಹೇಳಿದರೆ ಮಾತ್ರ ಗಟ್ಟಿಯಾಗುತ್ತಾರೆ" ಎಂಬ ವಾದ ನಮ್ಮ ಸ್ಟಾಫ್ ರೂಮುಗಳಲ್ಲಿ ಇಂದಿಗೂ ಕೇಳುತ್ತದೆ. ನನ್ನ ಉತ್ತರ ನಾವೇ ಕಲಿತ ಸೂಕ್ಷ್ಮ ಬೋಧನೆಯಲ್ಲಿದೆ. ಎನ್‌ಸಿಇಆರ್‌ಟಿ ಮಾದರಿಯ 36 ನಿಮಿಷಗಳ ಚಕ್ರವನ್ನು ನೋಡಿ: ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಪುನರ್ಬೋಧನೆಗೆ 6, ಮತ್ತೆ ಹಿಮ್ಮಾಹಿತಿಗೆ 6. ಅತಿ ಹೆಚ್ಚು ಸಮಯ ಮೀಸಲಾಗಿರುವುದು ತಪ್ಪನ್ನು ಕೇಳಿದವನು ಕುಳಿತು ಯೋಚಿಸುವುದಕ್ಕೆ. ಅದಾದ ಮೇಲೆ ಅವನಿಗೆ ಇನ್ನೊಂದು ಅವಕಾಶ ಖಚಿತ. ಎಲಿಮಿನೇಷನ್‌ನಲ್ಲಿ ಈ ಎರಡೂ ಇಲ್ಲ. ಮನುಷ್ಯ ಗಟ್ಟಿಯಾಗುವುದು ಮತ್ತೆ ಮಾಡಿ ನೋಡುವುದರಿಂದ, ಬೈಸಿಕೊಳ್ಳುವುದರಿಂದಲ್ಲ.

ಇಷ್ಟು ಕಲಿತೂ ನಮ್ಮ ಪಾಠ ವೀಕ್ಷಣಾ ಪುಸ್ತಕಗಳಲ್ಲಿ ಏನಿದೆ? ಸಹಪಾಠಿಯೊಬ್ಬರ ಪಾಠಕ್ಕೆ ನಾನು ಬರೆದದ್ದು: "ತರಗತಿ ನಿಯಂತ್ರಣ ಸಾಲದು." ನನ್ನ ಪಾಠಕ್ಕೆ ಇನ್ನೊಬ್ಬರು ಬರೆದದ್ದು: "ಉತ್ತಮ ಪ್ರಯತ್ನ." ಎರಡೂ ತೀರ್ಪುಗಳೇ, ಒಂದು ಕಹಿ, ಒಂದು ಸಿಹಿ. ಯಾವ ನಿಮಿಷದಲ್ಲಿ, ಯಾವ ಪ್ರಶ್ನೆಯ ಬಳಿ, ಏನು ಮಾಡಬಹುದಿತ್ತು ಎಂಬುದು ಎರಡರಲ್ಲೂ ಇಲ್ಲ. ವಿಮರ್ಶಾ ಪಾಠ ಮುಗಿದ ಮೇಲೆ ಆ ಪಾಠವನ್ನು ನಾವು ಮತ್ತೆ ಮಾಡುವುದೂ ಅಪರೂಪ.

ನಾಳೆ ನಾವೇ ಪ್ರತಿಭಾ ಕಾರಂಜಿಯ ತೀರ್ಪುಗಾರರ ಕುರ್ಚಿಯಲ್ಲಿ ಕೂರುತ್ತೇವೆ. ಕ್ಲಸ್ಟರ್ ಹಂತದಲ್ಲೇ ಸೋತು ಹೋಗುವ ಮಗುವಿಗೆ ಬಹುಮಾನ ಕೊಡಲಾಗದು; ಎರಡು ಸಾಲಿನ ಕಾರಣವನ್ನಾದರೂ ಕೊಡಬಹುದು. ಅದಕ್ಕೆ ತಯಾರಿ ಇಲ್ಲಿಂದಲೇ ಆಗಲಿ. ವೀಕ್ಷಣಾ ಪುಸ್ತಕದಲ್ಲಿ ಪ್ರತಿ ಟೀಕೆಗೂ ಮೂರು ಸಂಗತಿ ಇರಲಿ ಎಂದು ನನ್ನ ಸಲಹೆ: ತಪ್ಪು ನಡೆದ ನಿರ್ದಿಷ್ಟ ಜಾಗ, ಅದನ್ನು ಸರಿಪಡಿಸುವ ಒಂದು ದಾರಿ, ಮತ್ತೆ ಬೋಧಿಸುವ ದಿನಾಂಕ. ಮೂರನೆಯದನ್ನು ತುಂಬಲು ಮಾರ್ಗದರ್ಶಕ ಉಪನ್ಯಾಸಕರ ನೆರವು ಬೇಕು, ವೇಳಾಪಟ್ಟಿಯಲ್ಲಿ ಜಾಗವೂ ಬೇಕು.

ಮುಂದಿನ ವಾರ ನಾನು ಆ ಹುಡುಗಿಯನ್ನು ಕರೆದು, ನಾನು ನಕ್ಕದ್ದು ತಪ್ಪು ಎಂದು ತರಗತಿಯ ಎದುರಿನಲ್ಲೇ ಹೇಳಿದೆ. ಅಗಲ ಪಟ್ಟಿಯ ಶಾಲಾ ಚೀಲ ಮತ್ತು ತೆಳು ದಾರ ಕಟ್ಟಿದ ಕೈಚೀಲ, ಎರಡನ್ನೂ ಕೊಟ್ಟು ಯಾವುದು ಹೆಚ್ಚು ನೋಯಿಸುತ್ತದೆ, ಏಕೆ ಎಂದು ಕೇಳಿದೆ. ಅವಳು ಸರಿಯಾಗಿ ವಿವರಿಸಿ, ಸೂತ್ರವನ್ನೂ ಸರಿಯಾಗಿ ಬರೆದಳು. ಬಜರ್ ಹುಡುಗನೇ ಮೊದಲು ಚಪ್ಪಾಳೆ ತಟ್ಟಿದ. ಆದರೂ ಅವಳ ದನಿ ಮೊದಲ ದಿನದಷ್ಟು ಗಟ್ಟಿಯಾಗಿರಲಿಲ್ಲ. ನನ್ನ ಒಂದು ನಗುವಿನ ಬೆಲೆ ಅದು.