ಮನೆಯೊಳಗಿನ ಗುಮ್ಮಟ

ಬೋರಾಮಣಿಯಲ್ಲಿ ಮಣ್ಣಿನ ಮಾಳಿಗೆ ಇಳಿಸಿ ಸಿಮೆಂಟಿನ ಸ್ಲ್ಯಾಬು ಹಾಕಿಸಿದ ಮನೆಗಳಲ್ಲಿ ಹಿರಿಯರದೊಂದು ದೂರು: ರೇಡಿಯೋದ ಕನ್ನಡ ಕೇಳಿಸುತ್ತದೆ, ತಿಳಿಯುವುದಿಲ್ಲ.

ದೋಷ ಕಿವಿಯದೇ ಎನ್ನಬೇಡಿರಿ. ಬೋಳು ಗೋಡೆ, ನುಣುಪು ಫರಸಿಗಳು ಧ್ವನಿಯನ್ನು ಮರಳಿ ಎಸೆಯುತ್ತವೆ. ಒಂದು ಮಾತಿನ ಬಾಲ ಮುಂದಿನ ಮಾತನ್ನು ಮುಚ್ಚುತ್ತದೆ. ವಿಜಾಪುರದ ಗೋಲಗುಮ್ಮಟದಲ್ಲಿ ಅದು ವಿನೋದ; ವಚನ ಕೇಳಲು ಕುಳಿತ ಅಜ್ಜನಿಗೆ ಕಾಟ.

ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇಂಥದೇ ವ್ಯಾಖ್ಯಾನ ಮಂದಿರವಿತ್ತು. ಪ್ರಾಧ್ಯಾಪಕ ಸಬೈನ್ ಅವರು 1895ರಲ್ಲಿ ತೊಡಗಿದ ಪ್ರಯೋಗಗಳಲ್ಲಿ ನಾಟ್ಯಗೃಹದ ಆಸನದ ಮೆತ್ತೆಗಳನ್ನು ಅಲ್ಲಿಗೆ ತರಿಸಿ, ಅವು ನುಂಗುವ ಧ್ವನಿಯನ್ನು ಅಳೆದರು.

ನಮ್ಮಲ್ಲಿ ಮೆತ್ತೆಗೇನು ಬರ? ಕೌದಿಯಿದೆ, ಸೊಲ್ಲಾಪುರದ ಚಾದರವಿದೆ. ರೇಡಿಯೋದ ಎದುರುಗೋಡೆಗೆ ಕೌದಿಯನ್ನು ನಾಲ್ಕು ಬೆರಳು ಅಂತರ ಬಿಟ್ಟು ತೂಗುಹಾಕಿರಿ. ಗೋಡೆಗೆ ಅಂಟಿಸಿದರೆ ಗುಣ ಕಡಿಮೆ. ನೆಲಕ್ಕೆ ಜಮಖಾನೆ ಹಾಸಿರಿ. (ಬೀದಿಯ ಲಾರಿಯ ಸದ್ದು ಇದರಿಂದ ನಿಲ್ಲದು.) ಕಟ್ಟುವ ಮೊದಲೊಮ್ಮೆ, ಕಟ್ಟಿದ ಮೇಲೊಮ್ಮೆ ಚಪ್ಪಾಳೆ ತಟ್ಟಿ ನೋಡಿರಿ. ಆಮೇಲೆ ಅಜ್ಜನನ್ನೇ ಕೇಳಿರಿ.