ಮಾರ್ಚ್ ಕೊನೆಯ ವಾರ ಮತ್ತು ಬ್ಯಾಂಕಾಕ್ ಟಿಕೆಟ್

ಸಂಕ್ರಾಂತಿ ಮುಗಿಯುವ ಹೊತ್ತಿಗೆ ವಿಮಾ ಏಜೆಂಟರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಣ್ಣಬಣ್ಣದ ಚಿತ್ರವೊಂದು ಬಂದು ಬೀಳುತ್ತದೆ. ಹಿಂದೆ ನೀಲಿ ಸಮುದ್ರ, ಇಲ್ಲವೇ ದುಬೈನ ಎತ್ತರದ ಕಟ್ಟಡಗಳು. ಮುಂದೆ ದಪ್ಪಕ್ಷರದಲ್ಲಿ ಊರಿನ ಹೆಸರು, ಎಷ್ಟು ರಾತ್ರಿ, ಎಷ್ಟು ಹಗಲು. ಅದರಡಿಯಲ್ಲಿ ಎರಡು ಮೊತ್ತ: ಇಷ್ಟು ಲಕ್ಷ ಹೊಸ ಪ್ರೀಮಿಯಂ ತಂದವರಿಗೆ ಒಂದು ಟಿಕೆಟ್, ಅಷ್ಟು ತಂದವರಿಗೆ ದಂಪತಿ ಟಿಕೆಟ್. ತೀರಾ ಕೆಳಗೆ, ಫೋನಿನ ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿದರೆ ಮಾತ್ರ ಓದಲಾಗುವ ಷರತ್ತುಗಳು. ಸಿಂಗಲ್ ಪ್ರೀಮಿಯಂ ಆದರೆ ಹತ್ತರಲ್ಲಿ ಒಂದು ಪಾಲು ಲೆಕ್ಕಕ್ಕೆ. ಇಂಥ ಪ್ಲಾನ್ ಆದರೆ ಒಂದೂವರೆ ಪಟ್ಟು ಲೆಕ್ಕಕ್ಕೆ. ಫ್ರೀ ಲುಕ್‌ನಲ್ಲಿ (ಪಾಲಿಸಿ ಬೇಡವೆಂದು ಮರಳಿಸಬಹುದಾದ ಆರಂಭದ ಅವಧಿ) ವಾಪಸಾದದ್ದು ಕಳೆಯಲಾಗುತ್ತದೆ. ಪಾಸ್‌ಪೋರ್ಟ್ ಏಜೆಂಟರ ಜವಾಬ್ದಾರಿ. ಗಡುವು ಮಾರ್ಚ್ 31.

ಇದರ ಬಗ್ಗೆ ಮಾತೆತ್ತಿದರೆ ಜನ ತಟ್ಟನೆ ಎರಡು ಪಕ್ಷವಾಗುತ್ತಾರೆ. ನಮ್ಮ ಕಂತಿನ ದುಡ್ಡಲ್ಲಿ ಇವರ ಮೋಜು ಎನ್ನುವವರು ಒಂದು ಕಡೆ, ದುಡಿದವರಿಗೆ ಕೊಟ್ಟರೆ ನಿಮಗೇನು ಹೊಟ್ಟೆಯುರಿ ಎನ್ನುವವರು ಇನ್ನೊಂದು ಕಡೆ. ಇಬ್ಬರಲ್ಲೂ ಹುರುಳಿದೆ.

ಮೊದಲು ಏಜೆಂಟರ ಕಡೆಯಿಂದ ನೋಡೋಣ. ಎಲ್‌ಐಸಿಯೊಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಏಜೆಂಟರಿದ್ದಾರೆ. ಇವರು ಯಾರೂ ನೌಕರರಲ್ಲ. ತಿಂಗಳ ಸಂಬಳವಿಲ್ಲ, ಪಿಎಫ್ ಇಲ್ಲ, ಪಿಂಚಣಿಯಿಲ್ಲ. ಹೆಚ್ಚು ಮಾರಿ ಕಂಪನಿಯ ಕ್ಲಬ್ ಮೆಂಬರ್ ಎನ್ನಿಸಿಕೊಳ್ಳುವವರೆಗೆ ಫೋನಿನ ಬಿಲ್ಲೂ ಕೈಯಿಂದಲೇ. ಗದಗಿನಿಂದ ಮುಂಡರಗಿಗೆ ಬೈಕಿನಲ್ಲಿ ಮೂರು ಸಲ ಹೋಗಿಬಂದು, ನಾಲ್ಕನೇ ಸಲ ಪಾರ್ಟಿ 'ಮಳಿ ಆಗ್ಲಿ ನೋಡೋಣ್ರಿ' ಎಂದರೆ ಆ ಪೆಟ್ರೋಲ್ ಯಾರ ಖಾತೆಗೂ ಹೋಗುವುದಿಲ್ಲ. ಈ ಏಜೆಂಟರ ಗ್ರಾಚ್ಯುಟಿ ಮಿತಿಯನ್ನು ಹಣಕಾಸು ಸಚಿವಾಲಯ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದು 2023ರ ಸೆಪ್ಟೆಂಬರಿನಲ್ಲಿ. ಜೀವವಿಮೆಯನ್ನೇ ಮಾರುವ ಇವರಿಗಿದ್ದ ಟರ್ಮ್ ವಿಮೆಯ ರಕ್ಷಣೆ ಅಲ್ಲಿಯವರೆಗೆ 3,000ದಿಂದ 10,000 ರೂಪಾಯಿಯಷ್ಟೇ ಇತ್ತು. ಅದು 25,000ದಿಂದ 1.5 ಲಕ್ಷಕ್ಕೆ ಏರಿದ್ದೂ ಆಗಲೇ. ಇಂಥ ಕಸುಬಿನಲ್ಲಿ ಇರುವವರಿಗೆ ವರ್ಷಕ್ಕೊಮ್ಮೆ ನಾಲ್ಕು ದಿನದ ಪ್ರವಾಸ ಸಿಕ್ಕರೆ ಅದನ್ನು ಮೋಜು ಎಂದು ಮೂಗು ಮುರಿಯುವ ಮುನ್ನ ಸ್ವಲ್ಪ ಯೋಚಿಸಬೇಕು.

ಆ ದುಡ್ಡನ್ನೇ ಕೈಗೆ ಕೊಡಬಹುದಲ್ಲ ಎಂಬ ಪ್ರಶ್ನೆಗೆ ಗದಗ ಭಾಗದ ಏಜೆಂಟರೊಬ್ಬರು ಕೊಟ್ಟ ಉತ್ತರ ಇಲ್ಲಿ ಹೇಳಬೇಕು: 'ರೊಕ್ಕ ಕೊಟ್ರ ಸೊಸೈಟಿ ಸಾಲಕ್ಕ ಹೋಗಿಬಿಡ್ತೈತ್ರಿ. ಫೋಟೋ ಆದ್ರ ಗ್ವಾಡಿ ಮ್ಯಾಲ ಇರ್ತೈತಿ.' ಅರ್ಥಶಾಸ್ತ್ರದ ಪುಸ್ತಕ ಓದಿದವರು ನಗಬಹುದು, ನಗದಿಗಿಂತ ಮೇಲಾದ ಉಡುಗೊರೆ ಇಲ್ಲ ಎನ್ನಬಹುದು. ಕಂಪನಿಗಳಿಗೆ ಗೊತ್ತು, ಹಾಗಲ್ಲ. ಕಮಿಷನ್ ಮನೆಖರ್ಚಿನಲ್ಲಿ ಕರಗುತ್ತದೆ. ಟ್ರಿಪ್ ಬೀಗರ ಮುಂದೆ ಹೇಳಿಕೊಳ್ಳಲು ಉಳಿಯುತ್ತದೆ.

ದಂಪತಿ ಟಿಕೆಟ್‌ಗೆ ಇನ್ನೊಂದು ಮಗ್ಗುಲಿದೆ. ಏಜೆಂಟ್ ಗಂಡನಾಗಿದ್ದರೆ ಅವನ ಕಚೇರಿ ನಡೆಸುವುದು ಹೆಂಡತಿ. ಯಾರ ಕಂತು ಯಾವ ತಾರೀಖಿಗೆ ಎಂದು ಡೈರಿಯಲ್ಲಿ ಬರೆದಿಡುವವಳು, ಅವನು ಊರಲ್ಲಿಲ್ಲದಾಗ ಚೆಕ್ ತೆಗೆದುಕೊಳ್ಳುವವಳು, ಬಂದವರಿಗೆಲ್ಲ ಚಹಾ ಮಾಡುವವಳು ಅವಳೇ. ಆ ಕೆಲಸ ಯಾವ ಕಮಿಷನ್ ಚೀಟಿಯಲ್ಲೂ ಕಾಣುವುದಿಲ್ಲ. ಅವಳ ಹೆಸರಲ್ಲಿ ಪಾಸ್‌ಪೋರ್ಟ್ ಅರ್ಜಿ ಹಾಕುವಾಗ ಕಂಪನಿ ಮೊದಲ ಬಾರಿಗೆ ಅವಳ ಹೆಸರು ಕೇಳುತ್ತದೆ. ಈ ಒಂದು ಕಾರಣಕ್ಕೆ ನನಗೆ ದಂಪತಿ ಟಿಕೆಟ್ ಮೇಲೆ ಸ್ವಲ್ಪ ಮೆದುತನ ಇದೆ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಈಗ ಇನ್ನೊಂದು ಕಡೆ. ಇಲ್ಲಿ ಲೆಕ್ಕ ಹಿಡಿದು ಕೂರಬೇಕು.

ಉದಾಹರಣೆಗೆ, ಗುರಿ 15 ಲಕ್ಷ ಎಂದಿಟ್ಟುಕೊಳ್ಳಿ. ಮಾರ್ಚ್ 28ಕ್ಕೆ ಏಜೆಂಟ್ 14 ಲಕ್ಷದ 40 ಸಾವಿರದಲ್ಲಿ ನಿಂತಿದ್ದಾನೆ. ಬೇಕಿರುವುದು ಇನ್ನು 60,000 ರೂಪಾಯಿ ಪ್ರೀಮಿಯಂ. ನೂರಕ್ಕೆ 28ರಂತೆ ಹಿಡಿದರೂ ಅದರ ಮೇಲಿನ ಕಮಿಷನ್ 16,800. ಆದರೆ ಆ ಒಂದು ಪಾಲಿಸಿ ಅವನನ್ನು ಗೆರೆ ದಾಟಿಸಿದರೆ ಒಂದೂವರೆ ಲಕ್ಷದ ದಂಪತಿ ಪ್ರವಾಸ ಕೈಗೆ ಬರುತ್ತದೆ. ಅಂದರೆ ಈ ಕೊನೆಯ 60,000ದ ಬೆಲೆ ಅವನಿಗೆ 1,66,800. ಇಷ್ಟು ದೂರ ಬಂದಮೇಲೆ ಆ ಇಡೀ ಕಂತನ್ನು ತನ್ನ ಕಿಸೆಯಿಂದಲೇ ಕಟ್ಟಿದರೂ ಅವನಿಗೆ ಲಾಭವೇ. 'ಮೊದಲ ಕಂತು ನಾನು ನೋಡ್ಕೋತೀನಿ, ನೀವು ಸಹಿ ಮಾಡಿ ಸಾಕು' ಎಂಬ ಮಾರ್ಚ್ ತಿಂಗಳ ಮಾತು ಹುಟ್ಟುವುದು ಇಲ್ಲೇ. 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಹೀಗೆ ಕಂತಿನಲ್ಲಿ ರಿಯಾಯಿತಿ ಕೊಡುವುದನ್ನು ನಿಷೇಧಿಸಿದೆ, ದಂಡ 10 ಲಕ್ಷ ರೂಪಾಯಿವರೆಗೆ ಇದೆ. ಈ ಸೆಕ್ಷನ್ ಪ್ರತಿ ಪ್ರಪೋಸಲ್ ಫಾರ್ಮಿನಲ್ಲೂ ಅಚ್ಚಾಗಿರುತ್ತದೆ, ಯಾರೂ ಓದುವುದಿಲ್ಲ. ಸಹಿ ಮಾಡಿದವನಿಗೆ ಎರಡನೇ ಕಂತು ಕಟ್ಟುವ ಮನಸ್ಸೂ ಇರುವುದಿಲ್ಲ, ಶಕ್ತಿಯೂ ಇರುವುದಿಲ್ಲ. ಮುಂದಿನ ವರ್ಷ ಪಾಲಿಸಿ ಲ್ಯಾಪ್ಸ್.

ಕಮಿಷನ್‌ನಲ್ಲೂ ಆಮಿಷ ಇದೆಯಲ್ಲ, ಟ್ರಿಪ್ ಮೇಲೆಯೇ ಯಾಕೆ ಕಣ್ಣು ಎಂದು ಕೇಳಬಹುದು. ವ್ಯತ್ಯಾಸ ಇಷ್ಟೇ: ಕಮಿಷನ್ ರೂಪಾಯಿಗೆ ಇಷ್ಟು ಪೈಸೆ ಎಂದು ಏರುತ್ತಾ ಹೋಗುತ್ತದೆ, ಪ್ರವಾಸವನ್ನು ಹಾಗೆ ಹಂಚಲು ಬರುವುದಿಲ್ಲ. 14 ಲಕ್ಷದ 40 ಸಾವಿರ ತಂದವನನ್ನು ಬ್ಯಾಂಕಾಕಿನ ಅರ್ಧ ದಾರಿಗೆ ಕರೆದೊಯ್ದು ಇಳಿಸಲಾಗುವುದಿಲ್ಲ. ಒಂದೋ ಪೂರ್ತಿ, ಇಲ್ಲವೇ ಶೂನ್ಯ. ಪ್ರವಾಸದ ಬಹುಮಾನಕ್ಕೆ ಅಂಚು ಹುಟ್ಟಿನಿಂದಲೇ ಬಂದದ್ದು, ಅದಕ್ಕೆ ತಾರೀಖನ್ನೂ ಸೇರಿಸಿದರೆ ಮಾರ್ಚ್ ಕೊನೆಯ ವಾರ ತಯಾರಾಗುತ್ತದೆ. ಅದರ ಮೇಲೆ 'ಇಂಥ ಪ್ಲಾನ್‌ಗೆ ಒಂದೂವರೆ ಪಟ್ಟು' ಎಂಬ ಸಾಲು ಸೇರಿದರೆ, ಎದುರಿಗೆ ಕುಳಿತ ಮೂವತ್ತರ ಹುಡುಗನಿಗೆ ಬೇಕಾದ ಅಗ್ಗದ ಟರ್ಮ್ ಪಾಲಿಸಿಯ ಮಾತು ಏಜೆಂಟನ ಬಾಯಿಗೆ ಬರುವುದಾದರೂ ಹೇಗೆ? ಟರ್ಮ್ ಪಾಲಿಸಿಯ ಕಂತು ಚಿಕ್ಕದು. ಅದನ್ನು ಮಾರಿ 15 ಲಕ್ಷ ಮುಟ್ಟುವುದು ಯಾವ ಊರಲ್ಲೂ ಸುಲಭವಲ್ಲ.

ಮತ್ತೆ ಈ ದುಡ್ಡು ಯಾರದ್ದು? ಲಾಭಾಂಶವಿರುವ ಪಾಲಿಸಿಗಳಲ್ಲಿ ಉಳಿಕೆಯ ನೂರರಲ್ಲಿ 90 ಪಾಲು ಪಾಲಿಸಿದಾರರಿಗೆ ಸೇರಬೇಕು. ಉಳಿಕೆ ಲೆಕ್ಕ ಹಾಕುವ ಮುನ್ನವೇ ಖರ್ಚು ಕಳೆದಿರುತ್ತದೆ. ಹೋಟೆಲ್ ಬಿಲ್ ಆ ಖರ್ಚಿನಲ್ಲಿ ಒಂದು ಸಾಲು. ಪ್ರತಿ ಪಾಲಿಸಿಗೆ ಲೆಕ್ಕ ಹಾಕಿದರೆ ಅದು ಚಿಲ್ಲರೆಯೇ ಇರಬಹುದು, ಆದರೆ ಕೊಡುವವನನ್ನು ಯಾರೂ ಕೇಳಿಲ್ಲ.

ವೈದ್ಯರ ಹೋಲಿಕೆಯನ್ನು ಇಲ್ಲಿ ಹಲವರು ತರುತ್ತಾರೆ. ಔಷಧ ಕಂಪನಿಗಳಿಂದ ಪ್ರವಾಸ ಸೌಲಭ್ಯ ಪಡೆಯುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಮಂಡಳಿ 2009ರ ಡಿಸೆಂಬರಿನಲ್ಲೇ ನಿಯಮ ತಂದಿತು. ಅಂಥ ಉಡುಗೊರೆಯ ಖರ್ಚಿಗೆ ಕಂಪನಿಗಳಿಗೆ ತೆರಿಗೆ ವಿನಾಯಿತಿ ಸಿಗದು ಎಂದು ಸುಪ್ರೀಂ ಕೋರ್ಟ್ 2022ರ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಹೇಳಿತು. ವೈದ್ಯರಿಗೆ ಸಲ್ಲದ್ದು ಏಜೆಂಟರಿಗೆ ಹೇಗೆ ಸಲ್ಲುತ್ತದೆ? ಸರಳ ಉತ್ತರವೇನೋ ಇದೆ: ವೈದ್ಯ ಮಾರುವವನಲ್ಲ, ಏಜೆಂಟ್ ಮಾರುವವನು, ಅವನು ಕಂಪನಿಯ ಪ್ರತಿನಿಧಿ ಎಂದು ಎಲ್ಲರಿಗೂ ಗೊತ್ತು. ಕಾನೂನಿನ ಪ್ರಕಾರವೂ ಒಬ್ಬ ಏಜೆಂಟ್ ಒಂದು ಜೀವವಿಮಾ ಕಂಪನಿಗೆ ಮಾತ್ರ ಕೆಲಸ ಮಾಡಬೇಕು. ಮುಚ್ಚುಮರೆ ಏನಿದೆ?

ಕಾಗದದ ಮೇಲೆ ಈ ಉತ್ತರ ಸರಿ. ನಮ್ಮ ಊರುಗಳಲ್ಲಿ ಏಜೆಂಟ್ ಯಾರು ಎಂದು ನೋಡಿದರೆ ಅಷ್ಟು ಸರಿಯಲ್ಲ. ಅವನು ದೊಡ್ಡಪ್ಪನ ಮಗ, ಕನ್ನಡ ಶಾಲೆಯ ಮೇಡಂ ಗಂಡ, ಸೊಸೈಟಿಯ ನಿವೃತ್ತ ಕಾರ್ಯದರ್ಶಿ. ಪಾಲಿಸಿ ತೆಗೆದುಕೊಳ್ಳುವವರು ಪ್ಲಾನ್ ನಂಬರ್ ನೋಡಿ ತೆಗೆದುಕೊಳ್ಳುವುದಿಲ್ಲ, 'ಭಾವ ಹೇಳಿದಾರೆ' ಎಂದು ತೆಗೆದುಕೊಳ್ಳುತ್ತಾರೆ. ಭಾವನಿಗೆ ದುಬೈಗೆ 60,000 ಕಡಿಮೆಯಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ವಿರೋಧಿಸುವವರ ವಾದಗಳಲ್ಲಿ ನನಗೆ ಅತಿ ಬಲವಾದದ್ದು ಎನಿಸುವುದು ಇದು.

ಆದರೂ ಎಲ್ಲ ಪಾಪವನ್ನೂ ಟ್ರಿಪ್ ತಲೆಗೆ ಕಟ್ಟುವುದು ಅನ್ಯಾಯ. 2004-05ರಿಂದ 2011-12ರ ನಡುವೆ ತಪ್ಪು ಮಾರಾಟದಿಂದ ಗ್ರಾಹಕರು ಸುಮಾರು 1.5 ಲಕ್ಷ ಕೋಟಿ ರೂಪಾಯಿ ಕಳೆದುಕೊಂಡರು ಎಂದು ಮೋನಿಕಾ ಹಾಲನ್, ರೇಣುಕಾ ಸಾನೆ, ಸೂಸನ್ ಥಾಮಸ್ ಅಂದಾಜಿಸಿದ್ದರು. ಷೇರುಪೇಟೆಗೆ ಜೋಡಿಸಿದ ಯುಲಿಪ್ ಪಾಲಿಸಿಗಳ ಆ ಕಾಲದಲ್ಲಿ ದೊಡ್ಡ ಖಳ ಮೊದಲ ವರ್ಷದಲ್ಲೇ ರಾಶಿ ಹಾಕುತ್ತಿದ್ದ ಕಮಿಷನ್. 2010ರ ಸೆಪ್ಟೆಂಬರಿನಲ್ಲಿ ಬಂದ ನಿಯಮಗಳು ಯುಲಿಪ್ ಶುಲ್ಕಗಳಿಗೆ ಕಡಿವಾಣ ಹಾಕಿದವು. ನಾಳೆ ಪ್ರವಾಸಗಳನ್ನೆಲ್ಲ ನಿಷೇಧಿಸಿದರೂ ಮೊದಲ ಕಂತಿಗೆ ಹೆಚ್ಚು, ಹತ್ತನೇ ಕಂತಿಗೆ ಕಡಿಮೆ ಎಂಬ ಪದ್ಧತಿ ಇರುವಷ್ಟು ದಿನ ಹೊಸ ಪಾಲಿಸಿಯ ಹಪಾಹಪಿ ಇದ್ದೇ ಇರುತ್ತದೆ. 2024ರ ಅಕ್ಟೋಬರಿನಲ್ಲಿ ಬೇಗ ಸರೆಂಡರ್ ಮಾಡಿದವರಿಗೂ ಹೆಚ್ಚು ಹಣ ಕೊಡಬೇಕೆಂಬ ನಿಯಮ ಬಂದಾಗ ಎಲ್‌ಐಸಿ ಮೊದಲ ವರ್ಷದ ಕಮಿಷನ್ ಇಳಿಸಿ ಮುಂದಿನ ವರ್ಷಗಳದ್ದನ್ನು ಏರಿಸಿತು. ಏಜೆಂಟರು ಬೀದಿಗಿಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಮೊದಲ ವರ್ಷದ ದುಡ್ಡೇ ಹೊಸಬನನ್ನು ಕಸುಬಿನಲ್ಲಿ ಉಳಿಸುವುದು. ದಿಕ್ಕು ಮಾತ್ರ ಸರಿಯಾದದ್ದೇ.

ನಿಯಂತ್ರಕರು ಏನು ಮಾಡಿದ್ದಾರೆ? 2016ರ ನಿಯಮದಲ್ಲಿ ಜೀವವಿಮೆ ಏಜೆಂಟರ ಬಹುಮಾನಕ್ಕೆ ಮೊದಲ ವರ್ಷದ ಕಮಿಷನ್‌ನ ಶೇ 20ರ ಮಿತಿ ಇತ್ತು. 2023ರ ಏಪ್ರಿಲ್‌ನಿಂದ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಬಿಡಿ ಮಿತಿಗಳನ್ನು ತೆಗೆದು, ಕಂಪನಿಯ ಒಟ್ಟು ನಿರ್ವಹಣಾ ಖರ್ಚಿಗೆ ಮಿತಿ ಹಾಕಿ ಅದರೊಳಗೆ ನಿಮ್ಮಿಷ್ಟ ಎಂದಿತು. ಕಂಪನಿಗಳಿಗೆ ಸ್ವಾತಂತ್ರ್ಯ ಸಿಕ್ಕಿತು; ಒಬ್ಬ ಏಜೆಂಟನಿಗೆ ಎಷ್ಟು ಆಮಿಷ ಎಂದು ಅಳೆಯುವ ಗೆರೆ ಹೋಯಿತು.

ತೆರಿಗೆ ಇಲಾಖೆ ಇದಕ್ಕಿಂತ ಚುರುಕು. 2022ರ ಜುಲೈ 1ರಿಂದ ಜಾರಿಗೆ ಬಂದ, ಆದಾಯ ತೆರಿಗೆ ಕಾಯ್ದೆಯ 194ಆರ್ ಸೆಕ್ಷನ್ ಪ್ರಕಾರ ವ್ಯವಹಾರದಲ್ಲಿ ಸಿಕ್ಕ ಸೌಲಭ್ಯದ ಮೌಲ್ಯ ವರ್ಷಕ್ಕೆ 20,000 ದಾಟಿದರೆ ಶೇ 10 ಟಿಡಿಎಸ್. ಗುರಿ ಮುಟ್ಟಿದ್ದಕ್ಕೆ ಕೊಡುವ ಪ್ರವಾಸವೂ ಇದರಲ್ಲಿ ಸೇರುತ್ತದೆ ಎಂದು ಆಗಿನ ಸುತ್ತೋಲೆ ಬಿಡಿಸಿ ಹೇಳಿತು. ಹೊಸ ಉತ್ಪನ್ನದ ಬಗ್ಗೆ ಡೀಲರುಗಳಿಗೆ ತಿಳಿಸಲು ನಡೆಸುವ ಸಮ್ಮೇಳನಕ್ಕೆ ರಿಯಾಯಿತಿ ಉಂಟು, ಆದರೆ ಗುರಿ ಮುಟ್ಟಿದವರನ್ನಷ್ಟೇ ಕರೆದರೆ ಇಲ್ಲ, ಜತೆಗೆ ಬಂದ ಮನೆಯವರ ಖರ್ಚಿಗಂತೂ ಇಲ್ಲವೇ ಇಲ್ಲ. ಬೆಳಗ್ಗೆ ಎರಡು ತಾಸು ಹಾಲ್‌ನಲ್ಲಿ ಕೂರಿಸಿ 'ತರಬೇತಿ' ಎಂದು ಬ್ಯಾನರ್ ಕಟ್ಟುವ ಜಾಣತನ ಇಲ್ಲಿ ನಡೆಯದು. ಒಂದೂವರೆ ಲಕ್ಷದ ಪ್ರವಾಸಕ್ಕೆ 15,000 ತೆರಿಗೆ ನಗದಾಗಿ ಬೇಕು. ಅದನ್ನು ಕಂಪನಿ ತುಂಬದಿದ್ದರೆ ಏಜೆಂಟನೇ ತುಂಬಬೇಕು. ಫೋಟೋ ಗೋಡೆಗೆ ಬರುವ ಮೊದಲೇ ಕಿಸೆ ಸ್ವಲ್ಪ ಹಗುರ.

ಅಮೆರಿಕದಲ್ಲೂ ಇದೇ ಜಗಳ ನಡೆದಿದೆ. ಆನ್ಯುಯಿಟಿ (ಪಿಂಚಣಿ ಮಾದರಿಯ ಪಾಲಿಸಿ) ಮಾರುವವರಿಗೆ ಸಿಗುವ ಪ್ರವಾಸ, ಉಡುಗೊರೆಗಳ ಮೇಲೆ ಸೆನೆಟರ್ ಎಲಿಜಬೆತ್ ವಾರನ್ 2015ರಲ್ಲಿ ವರದಿ ತಂದರು. 2020ರಲ್ಲಿ ಅಲ್ಲಿನ ರಾಜ್ಯಗಳ ವಿಮಾ ಆಯುಕ್ತರ ಸಂಘ ತನ್ನ ಮಾದರಿ ನಿಯಮ ತಿದ್ದಿ, ನಿರ್ದಿಷ್ಟ ಆನ್ಯುಯಿಟಿಯನ್ನು ಸೀಮಿತ ಅವಧಿಯಲ್ಲಿ ಮಾರಿದ್ದಕ್ಕೆ ಕೊಡುವ ಸ್ಪರ್ಧೆ, ಕೋಟಾ, ಬಹುಮಾನಗಳನ್ನು ಕಂಪನಿಗಳು ಗುರುತಿಸಿ ತೆಗೆಯಬೇಕು ಎಂದಿತು. ಗಮನಿಸಿ, ಪ್ರವಾಸವನ್ನೇ ನಿಷೇಧಿಸಲಿಲ್ಲ. ಒಂದು ಪ್ಲಾನ್ ಮತ್ತು ಒಂದು ಗಡುವು, ಇವೆರಡೂ ಕೂಡುವ ಜಾಗಕ್ಕೆ ಕೈಹಾಕಿದರು. ನನ್ನ ಮಟ್ಟಿಗೆ ಹಿಡಿಯಬೇಕಾದ ಎಳೆಯೂ ಅದೇ.

ಏಜೆಂಟರು ಹೆಮ್ಮೆಯಿಂದ ಹೇಳಿಕೊಳ್ಳುವ ಎಂಡಿಆರ್‌ಟಿ (ಮಿಲಿಯನ್ ಡಾಲರ್ ರೌಂಡ್ ಟೇಬಲ್) ಬಗ್ಗೆಯೂ ಒಂದು ಮಾತು. 1927ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ 32 ಜನ ಸೇರಿ ಕಟ್ಟಿದ ಈ ಸಂಘದ ಹೆಸರು ಇವತ್ತು ತಾಲ್ಲೂಕು ಕೇಂದ್ರದ ಏಜೆಂಟರ ವಿಸಿಟಿಂಗ್ ಕಾರ್ಡ್ ಮೇಲೂ ಇದೆ. ಅದಕ್ಕೊಂದು ನೀತಿಸಂಹಿತೆ ಇದೆ, ನಿಜ. ಆದರೆ ಒಳಗೆ ಹೋಗುವ ಬಾಗಿಲು ಮಾರಾಟದ ಮೊತ್ತವೇ. ಗ್ರಾಹಕ ಅದನ್ನು ಡಾಕ್ಟರರ ಎಂಡಿಯಂತೆ ಓದಿಕೊಂಡರೆ ತಪ್ಪು ತಿಳಿದಂತೆ.

ಹಾಗಾಗಿ ನನ್ನ ಒಲವು ಇಷ್ಟು: ಪ್ರವಾಸ ಇರಲಿ, ದಂಪತಿ ಟಿಕೆಟ್ ಖಂಡಿತ ಇರಲಿ. ಪ್ಲಾನ್‌ಗೆ ಒಂದೂವರೆ ಪಟ್ಟು ಎಂಬ ಸಾಲು ಹೋಗಲಿ. ಲೆಕ್ಕ ಮುಚ್ಚುವ ದಿನ ಮಾರ್ಚ್ 31 ಆಗುವ ಬದಲು, ಆ ಪಾಲಿಸಿಗಳ ಎರಡನೇ ವರ್ಷದ ಕಂತು ಬೀಳುವ ಹದಿಮೂರನೇ ತಿಂಗಳಾಗಲಿ. ವಿಮಾ ವಲಯ ಪರ್ಸಿಸ್ಟೆನ್ಸಿ ಎಂದು ಅಳೆಯುವುದು ಇದನ್ನೇ, ಅಂಕಿ ಪ್ರತಿ ಕಂಪನಿಯ ಬಳಿ ಆಗಲೇ ಇದೆ, ಹೊಸ ಸಾಫ್ಟ್‌ವೇರ್ ಬೇಕಿಲ್ಲ. 30 ದಿನಗಳ ಫ್ರೀ ಲುಕ್ ದಾಟಿದರೆ ಸಾಕು ಎಂಬ ಷರತ್ತು ತೀರಾ ತೆಳು. ಪಾಲಿಸಿ ಬಾಂಡ್ ಲಕೋಟೆ ಒಡೆದು ನೋಡುವುದಕ್ಕೇ ನಮ್ಮಲ್ಲಿ ಒಂದು ತಿಂಗಳು ಬೇಕು. ಕಿಸೆಯಿಂದ ಮೊದಲ ಕಂತು ಕಟ್ಟಿ ಗೆರೆ ದಾಟುವವನಿಗೆ ಎರಡನೆಯದನ್ನೂ ಕಟ್ಟಬೇಕಾಗಿ ಬಂದರೆ ಮೇಲಿನ ಲೆಕ್ಕದ ಲಾಭ ಬಹುಪಾಲು ಕರಗುತ್ತದೆ: ಒಟ್ಟು 1,20,000 ಸುರಿದು, ಮೇಲೆ ತೆರಿಗೆಯನ್ನೂ ಕಟ್ಟಿ ಪ್ರವಾಸ ಗೆಲ್ಲುವ ಹುಮ್ಮಸ್ಸು ಹೆಚ್ಚಿನವರಿಗೆ ಉಳಿಯದು.

ಇದಕ್ಕೆ ಏಜೆಂಟರ ಆಕ್ಷೇಪ ಇದ್ದೇ ಇದೆ, ಅದು ಸುಳ್ಳೂ ಅಲ್ಲ. ಬೆಳೆ ಕೈಕೊಟ್ಟ ವರ್ಷ ಕಂತು ನಿಂತರೆ ಅದು ಏಜೆಂಟನ ತಪ್ಪೇ? ಮುಂಡರಗಿಯ ಒಣ ಬೇಸಾಯದ ರೈತನಿಗೆ ಮಾರುವವನಿಗೂ ಬೆಂಗಳೂರಿನ ಸಂಬಳದಾರನಿಗೆ ಮಾರುವವನಿಗೂ ಒಂದೇ ಅಳತೆ ಇಟ್ಟರೆ, ಮೊದಲಿನವನು ಹಳ್ಳಿಗೆ ಹೋಗುವುದನ್ನೇ ಬಿಡುತ್ತಾನೆ. ಶಾಖೆಗೆ ತಕ್ಕ ಅಳತೆ ಇಡಬಹುದು. ಇಡಲು ಕಂಪನಿಗೆ ಮನಸ್ಸು ಬೇಕು.

ಮನಸ್ಸು ಬಾರದಿರುವುದಕ್ಕೆ ಕಾರಣ ಏಜೆಂಟರಲ್ಲಿಲ್ಲ. ಮಾರ್ಚ್ ಅಂಕಿ ಬೇಕಾಗಿರುವುದು ಅವರಿಗಿಂತ ಹೆಚ್ಚಾಗಿ ಡೆವಲಪ್‌ಮೆಂಟ್ ಆಫೀಸರ್‌ಗೆ, ಬ್ರ್ಯಾಂಚ್ ಮ್ಯಾನೇಜರ್‌ಗೆ, ಅವರ ಮೇಲಿನವರಿಗೆ. ಅವರ ಬಡ್ತಿ, ವರ್ಗಾವಣೆಗಳು ಆ ಅಂಕಿಯ ಹಿಂದೆಯೇ ಬರುತ್ತವೆ. ಹದಿಮೂರನೇ ತಿಂಗಳು ಬರುವ ಹೊತ್ತಿಗೆ ಸ್ಪರ್ಧೆ ನಡೆಸಿದ ಮ್ಯಾನೇಜರ್ ಬೇರೆ ಶಾಖೆಯಲ್ಲಿ ಕುಳಿತು ಅಲ್ಲಿನ ಏಜೆಂಟರಿಗೆ ಹೊಸ ಊರಿನ ಚಿತ್ರ ಕಳಿಸುತ್ತಿರುತ್ತಾರೆ.